ಹಬ್ಬಕ್ಕೂ ಮುಂಚಿನ ಒಂಬತ್ತು ಸಂಜೆ: ನೊವೆನಾ ನಮ್ಮ ಕರಾವಳಿಗೆ ಬಂದ ದಾರಿ

ಹಬ್ಬದ ಹಿಂದಿನ ರಾತ್ರಿ ಊಟ ಆಗಿ ಪಾತ್ರೆ ಎಲ್ಲ ತೊಳೆದಾದ ಮೇಲೆ ನಮ್ಮಜ್ಜಿ ಒಂದು ಕೆಲಸ ಮಾಡೋರು. ಅಡುಗೆಮನೆ ಮೂಲೇಲಿದ್ದ ತಾಮ್ರದ ಕೊಡಪಾನಕ್ಕೆ ತಟ್ಟೆ ಮುಚ್ಚಿ, ತಟ್ಟೆ ಮೇಲೆ ಲೋಟ ಬೋರಲು ಹಾಕಿ, ಆ ಲೋಟಕ್ಕೆ ತಮ್ಮ ಜಪಮಾಲೆ, ಅಂದ್ರೆ ನಾವು ಕೊಂಕಣಿಲಿ ತೇರ್ಸ್ ಅಂತೀವಲ್ಲ ಅದನ್ನ ಎರಡು ಸುತ್ತು ಸುತ್ತಿ ಇಡೋರು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಬಂದ ಮಕ್ಕಳು ನೀರು ಕುಡಿಯೋಕೆ ಕೈ ಹಾಕಿದ್ರೆ ಮಣಿ ಕೈಗೆ ಸಿಗಬೇಕು, ಆಗ ನೆನಪಾಗುತ್ತೆ, ನಾಳೆ ಕುಮ್ಗಾರ್ ತಗೋಬೇಕು ಅಂತ. ಕುಮ್ಗಾರ್ ಅಂದ್ರೆ ಪರಮಪ್ರಸಾದ, ಚರ್ಚಿನ ಪೂಜೇಲಿ ಕೊಡೋ ಪವಿತ್ರ ರೊಟ್ಟಿ.

ನಾನು ಇದನ್ನ ನೋಡಿದ್ದು 80ರ ದಶಕದಲ್ಲಿ. ಆಗಾಗ್ಲೇ ಆ ನಿಯಮ ಹೋಗಿ ಇಪ್ಪತ್ತು ವರ್ಷ ಆಗಿತ್ತು. ಮೊದಲು ಮಧ್ಯರಾತ್ರಿ ದಾಟಿದ ಮೇಲೆ ಒಂದು ಹನಿ ನೀರೂ ಇಲ್ಲದೆ ಬೆಳಿಗ್ಗೆ ಪೂಜೆಗೆ ಹೋಗಬೇಕಿತ್ತು. 1953ರಲ್ಲಿ ಪೋಪ್ 12ನೇ ಪಿಯುಸ್ ನೀರು ಕುಡೀಬಹುದು ಅಂದ್ರು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳೀತು, 1964ರಲ್ಲಿ 6ನೇ ಪಾವ್ಲ್ ಅದನ್ನ ಒಂದೇ ಗಂಟೆ ಮಾಡಿದ್ರು. ಅಜ್ಜಿಗೆ ಇದೆಲ್ಲ ಗೊತ್ತಿತ್ತು, ಇಗರ್ಜೀಲಿ, ಅಂದ್ರೆ ಚರ್ಚಲ್ಲಿ, ಹೇಳಿದ್ರಲ್ಲ. ಕೇಳಿದ್ರೆ "ನೆಂಟರು ಬರೋ ಮುಂಚೆ ಅಂಗಳ ಗುಡಿಸಲ್ವಾ, ಇದೂ ಹಂಗೇ ಮಗಾ" ಅನ್ನೋರು ಅಷ್ಟೇ.

ಹಬ್ಬಕ್ಕೂ ಮುಂಚೆ ಒಂಬತ್ತು ದಿನ ಮಾಡೋ ಪ್ರಾರ್ಥನೆಗೆ ನೊವೆನಾ ಅಂತಾರೆ, ಅದೂ ಇಂಥ ಅಂಗಳ ಗುಡಿಸೋ ಕೆಲಸವೇ. ಅದು ಎಲ್ಲಿಂದ ಶುರುವಾಯ್ತು, ಒಂಬತ್ತೇ ದಿನ ಯಾಕೆ, ನಮ್ಮ ಕಾರವಾರ ಹೊನ್ನಾವರ ಕಡೆಗೆ ಹೇಗೆ ಬಂತು ಅನ್ನೋದನ್ನ ಸುಮಾರು ವರ್ಷದಿಂದ ಓದ್ತಾ ಬಂದಿದ್ದೀನಿ. ನವೆಂಬರ್ ಕೊನೆ ಬಂತು ಅಂದ್ರೆ ಈ ಪ್ರಶ್ನೆ ಪ್ರತಿ ಸಲ ಎದ್ದು ಕೂರುತ್ತೆ, ಯಾಕಂದ್ರೆ ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬ, ಚಂದಾವರದ ಫೆಸ್ತ್ ಅಂದ್ರೆ ಜಾತಿ ಧರ್ಮ ನೋಡದೆ ಕುಮಟಾ ಹೊನ್ನಾವರದ ಜನ ಮೇಣದಬತ್ತಿ ಹಿಡ್ಕೊಂಡು ಬರೋ ಹಬ್ಬ, ಅತ್ಲಾಗೆ ಓಲ್ಡ್ ಗೋವಾದಲ್ಲೂ ನವೆಂಬರ್ 24ರಿಂದ ಡಿಸೆಂಬರ್ 2ರವರೆಗೆ ನೊವೆನಾ. ಕಾರವಾರದಿಂದ ರೈಲು ಹತ್ತಿದ್ರೆ ಕರ್ಮಲಿ ಸ್ಟೇಷನ್ನಲ್ಲಿ ಇಳಿದು ಸಂತರ ಶರೀರ ಇರೋ ಚರ್ಚ್, ಬೊಮ್ ಜೀಸಸ್ ಬಸಿಲಿಕಾಕ್ಕೆ ಹೋಗಿ ರಾತ್ರಿಗೆ ಮನೆಗೆ ಬರಬಹುದು, ಹರಕೆ ಹೊತ್ತು ನಡ್ಕೊಂಡೇ ಹೋಗೋರೂ ಇದ್ದಾರೆ.

ಮೂಲ ಬೈಬಲಲ್ಲೇ ಇದೆ. ಪಾಸ್ಖ, ಅಂದ್ರೆ ಈಸ್ಟರ್, ಆಗಿ ನಲವತ್ತನೇ ದಿನ, ಗುರುವಾರ, ಯೇಸು ಸ್ವರ್ಗಕ್ಕೆ ಏರಿದ್ದು. ಐವತ್ತನೇ ದಿನ, ಭಾನುವಾರ, ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತ್. ನಡುವೆ ಶುಕ್ರವಾರದಿಂದ ಮುಂದಿನ ಶನಿವಾರದವರೆಗೆ ಲೆಕ್ಕ ಹಾಕಿ, ಸರಿಯಾಗಿ ಒಂಬತ್ತು ದಿನ. ಆ ದಿನಗಳಲ್ಲಿ ಶಿಷ್ಯರು, ಮಾತೆ ಮರಿಯಮ್ಮ, ಬೇರೆ ಹೆಂಗಸರು ಜೆರುಸಲೇಮಿನ ಒಂದು ಮಾಳಿಗೆ ಮನೇಲಿ ಒಟ್ಟಿಗೆ ಪ್ರಾರ್ಥನೆ ಮಾಡ್ತಾ ಕೂತಿದ್ರು, ಆಗ ಸೇರಿದ್ದೋರು ಸುಮಾರು 120 ಜನ ಅಂತ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕ ಹೇಳುತ್ತೆ. ಒಂದು ಮಾತು ಇಲ್ಲಿ ಬಹಳ ಮುಖ್ಯ ಅನ್ಸುತ್ತೆ ನಂಗೆ. ಅವರು ಯಾವ ಲಿಸ್ಟೂ ಹಿಡ್ಕೊಂಡು ಕೂತಿರಲಿಲ್ಲ. ಊರು ಬಿಟ್ಟು ಹೋಗ್ಬೇಡಿ, ಕಾಯ್ತಾ ಇರಿ ಅಂತ ಯೇಸು ಅಂದಿದ್ರು, ಕಾದ್ರು. ಬರೋದು ಹೇಗೆ ಬರುತ್ತೆ, ಯಾವ ಹೊತ್ತಿಗೆ ಬರುತ್ತೆ, ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತರ ಇನ್ನೊಂದು ಬೇರು ರೋಮಿಂದು. ಹಳೇ ರೋಮನ್ನರು ಮನೇಲಿ ಸಾವಾದ್ರೆ ಒಂಬತ್ತು ದಿನ ಶೋಕ ಆಚರಿಸ್ತಿದ್ರು, ಕ್ರೈಸ್ತರೂ ಅದನ್ನ ತಮ್ಮ ರೀತಿಗೆ ಹೊಂದಿಸ್ಕೊಂಡ್ರು. ಇವತ್ತಿಗೂ ಪೋಪ್ ತೀರಿಕೊಂಡ್ರೆ ಒಂಬತ್ತು ದಿನ ಬಲಿಪೂಜೆ, ಅಂದ್ರೆ ಚರ್ಚಿನ ಮಾಸ್, ನಡೆಯುತ್ತೆ, 2025ರಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ಏಪ್ರಿಲ್ 26ರಿಂದ ಮೇ 4ರವರೆಗೆ ನಡೀತಲ್ಲ, ಅದು ಇದೇ.

ಹಬ್ಬಕ್ಕೆ ತಯಾರಿ ಅನ್ನೋ ಅರ್ಥದಲ್ಲಿ ಇದು ಗಟ್ಟಿಯಾಗಿದ್ದು ಸ್ಪೇನ್ ಕಡೆ. ಕ್ರಿ.ಶ. 380ರಲ್ಲಿ ಸರಗೋಸದಲ್ಲಿ ಸೇರಿದ ಧರ್ಮಸಭೆ ಒಂದು ಕಟ್ಟಳೆ ಮಾಡ್ತು: ಡಿಸೆಂಬರ್ 17ರಿಂದ ಜನವರಿ 6ರವರೆಗೆ ಯಾರೂ ಚರ್ಚ್ ತಪ್ಪಿಸಬಾರದು, ಮನೇಲಿ ಕೂರಬಾರದು, ಹಳ್ಳಿಗೆ ಬೆಟ್ಟಕ್ಕೆ ಅಂತ ಹೋಗಬಾರದು. ಫ್ರಾನ್ಸಿನ ತೂರ್ ಪಟ್ಟಣದಲ್ಲಿ 5ನೇ ಶತಮಾನದ ಬಿಷಪ್ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್ಮಸ್ ತನಕ ವಾರಕ್ಕೆ ಮೂರು ದಿನ ಉಪವಾಸ ಅಂತ ಮಾಡಿದ್ರು. ನಾವು ಈಗ ಆಗಮನ ಕಾಲ ಅಂತೀವಲ್ಲ, ಅದರ ಮೊದಲ ರೂಪಗಳು ಇವು. ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನಕ್ಕೆ ಜನ ಕೊಟ್ಟ ಅರ್ಥ ಚೆನ್ನಾಗಿದೆ: ತಾಯಿ ಹೊಟ್ಟೇಲಿ ಮಗು ಇದ್ದ ಒಂಬತ್ತು ತಿಂಗಳಿಗೆ ತಿಂಗಳಿಗೊಂದು ದಿನ. ಬಸುರಿ ಇರೋ ಮನೇಲಿ ಎಲ್ಲರೂ ದಿನ ಎಣಿಸ್ತಾರಲ್ಲ, ಹಂಗೆ.

ಅದರ ಒಳಗೇ ಇನ್ನೊಂದು ಎಣಿಕೆ ಇದೆ. ಡಿಸೆಂಬರ್ 17ರಿಂದ 23ರವರೆಗೆ ಏಳು ಸಂಜೆ ಹಾಡೋ ಏಳು ಲ್ಯಾಟಿನ್ ಪಲ್ಲವಿಗಳು, ಪ್ರತಿಯೊಂದೂ ಕ್ರಿಸ್ತನನ್ನ ಒಂದೊಂದು ಹೆಸರಿಂದ ಕರೆದು ಬಾ ಅನ್ನುತ್ತೆ. ಓ ಅನ್ನೋ ಕರೆಯಾದ ಮೇಲೆ ಬರೋ ಹೆಸರಿನ ಮೊದಲ ಅಕ್ಷರಗಳನ್ನ ಕೊನೆಯಿಂದ ಹಿಂದಕ್ಕೆ ಓದಿದ್ರೆ 'ಏರೋ ಕ್ರಾಸ್' ಅಂತಾಗುತ್ತೆ, ಲ್ಯಾಟಿನ್ನಲ್ಲಿ 'ನಾಳೆ ಇರ್ತೀನಿ' ಅಂತ ಅರ್ಥ. ಏಳು ದಿನ ಕರೆದವರಿಗೆ ಏಳನೇ ದಿನ ಸಿಗೋ ಉತ್ತರ.

ಈಗ ನಮ್ಮ ಕಡೆ ಬರೋಣ, ಯಾಕಂದ್ರೆ ಈ ಕಥೇಲಿ ಗೋವಾಕ್ಕೆ ದೊಡ್ಡ ಪಾಲಿದೆ. 1633ರ ಡಿಸೆಂಬರ್, ಇಟಲಿಯ ನೇಪಲ್ಸ್. ಮರಿಯಮ್ಮನವರ ಹಬ್ಬ ಮುಗಿದಿತ್ತು, ಬಲಿಪೀಠದ ಅಲಂಕಾರ ಬಿಚ್ತಾ ಇದ್ರು, ಮೇಲಿಂದ ಒಂದು ಸುತ್ತಿಗೆ ಜಾರಿ ಬಿದ್ದು ಮಾರ್ಚೆಲ್ಲೊ ಮಾಸ್ತ್ರಿಲ್ಲಿ ಅನ್ನೋ ಯೇಸುಸಭೆಯ (ಜೆಸ್ವಿಟ್) ಯುವ ಪಾದ್ರಿಯ ತಲೆಗೆ ಹೊಡೀತು. ಬದುಕೋ ಆಸೆ ಎಲ್ಲರೂ ಬಿಟ್ಟಿದ್ರು. ಜನವರಿ 3ರ ರಾತ್ರಿ ಸಂತ ಕ್ಸೇವಿಯರ್ ದರ್ಶನ ಕೊಟ್ರು, ಪೂರ್ವ ದೇಶಕ್ಕೆ ಹೋಗ್ತೀನಿ ಅಂತ ಮಾತು ತಗೊಂಡ್ರು, ಬೆಳಗಾಗೋದ್ರೊಳಗೆ ಗುಣ ಆದೆ ಅಂತ ಮಾಸ್ತ್ರಿಲ್ಲಿ ಹೇಳಿದ್ರು. ಅಲ್ಲಿಂದ ಹುಟ್ಟಿದ್ದೇ 'ಕೃಪೆಯ ನೊವೆನಾ', ಮಾರ್ಚ್ 4ರಿಂದ 12, ಕೊನೇ ದಿನ ಯಾಕೆ 12 ಅಂದ್ರೆ 1622ರ ಮಾರ್ಚ್ 12ಕ್ಕೆ ಕ್ಸೇವಿಯರ್‌ಗೆ ಸಂತ ಪದವಿ ಸಿಕ್ಕಿದ್ದು.

ಮಾಸ್ತ್ರಿಲ್ಲಿ ಮಾತು ಉಳಿಸ್ಕೊಂಡ್ರು. ಗೋವಾಕ್ಕೆ ಬಂದ್ರು. ಬಸಿಲಿಕಾದಲ್ಲಿ ಸಂತರ ಶರೀರ ಇರೋ ಬೆಳ್ಳಿ ಪೆಟ್ಟಿಗೆ ನೋಡಿದ್ದೀರಲ್ಲ, 1636-37ರಲ್ಲಿ ಗೋವಾದ ಬೆಳ್ಳಿ ಕೆಲಸದೋರು ಮಾಡಿದ್ದು, ಅದನ್ನ ಮಾಡಿಸಿದ್ದು ಇವರೇ. ಆಮೇಲೆ ಜಪಾನಿಗೆ ಹೋಗಿ 1637ರ ಅಕ್ಟೋಬರಲ್ಲಿ ನಾಗಸಾಕಿಯಲ್ಲಿ ಪ್ರಾಣ ಕೊಟ್ರು. ಆ ಪೆಟ್ಟಿಗೆ ಮುಂದೆ ನಿಂತಾಗೆಲ್ಲ ನಂಗೆ ಆ ಸುತ್ತಿಗೆ ನೆನಪಾಗುತ್ತೆ, ಹಬ್ಬದ ಅಲಂಕಾರ ಬಿಚ್ಚೋವಾಗ ಬಿದ್ದ ಸುತ್ತಿಗೆಯಿಂದ ಲೋಕಕ್ಕೆಲ್ಲ ಒಂದು ನೊವೆನಾ ಬಂತಲ್ಲ ಅಂತ.

ಗೋವಾದಿಂದ ನಮಗೆ ಬರೋಕೆ ದೊಡ್ಡ ದಾರಿ ಏನೂ ಬೇಕಿರಲಿಲ್ಲ, ಜನರೇ ಬಂದ್ರು. ಆದ್ರೆ ಇಲ್ಲಿ ಬೇರೂರಿದ್ದಕ್ಕೆ ಬೇರೆ ಕಾರಣ ಇದೆ ಅಂತ ನನ್ನ ನಂಬಿಕೆ. ಬಲಿಪೂಜೆಗೆ ಪಾದ್ರಿ ಬೇಕು, ಕುಮ್ಸಾರ್ ಅಂದ್ರೆ ಪಾಪನಿವೇದನೆಗೂ ಬೇಕು, ತೇರ್ಸಿಗೆ ನೊವೆನಾಕ್ಕೆ ಬೇಡ. ಮನೆ ಆಲ್ತಾರಿನ, ಅಂದ್ರೆ ದೇವರ ಪೀಠದ, ಮುಂದೆ ಒಬ್ಬ ಅಜ್ಜಿ ಕೂತು ಶುರು ಮಾಡಿದ್ರೆ ಸಾಕು. 1784ರಲ್ಲಿ, ಕರಾವಳಿಯ ಕ್ರೈಸ್ತರನ್ನ ಟಿಪ್ಪು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ, ಅದು ವಿಭೂತಿ ಬುಧವಾರದ ಆಸುಪಾಸು ಅಂತ ನೆನಪಿಟ್ಟಿದ್ದಾರೆ, ಅಂದ್ರೆ ತಪಸ್ಸುಕಾಲ ಶುರುವಾಗೋ ಹೊತ್ತು. ಪಾಸ್ಖಕ್ಕೆ ತಯಾರಾಗಬೇಕಾದ ಜನ ಘಟ್ಟ ಹತ್ತಿದ್ರು. ಬದುಕಿದವರು ವಾಪಸ್ ಬಂದಿದ್ದು 1799ರ ನಂತರ. ಅಷ್ಟು ವರ್ಷ ಪಾದ್ರಿ ಇಲ್ಲದ ಜನಕ್ಕೆ ಬಾಯಿಪಾಠದ ಪ್ರಾರ್ಥನೆ ಬಿಟ್ಟು ಇನ್ನೇನು ಉಳಿದೀತು? ಹಳಿಯಾಳ ಯಲ್ಲಾಪುರ ಕಡೆ ಕಾಡಿನ ನಡುವೆ ಇರೋ ಸಿದ್ದಿ ಕ್ರೈಸ್ತರಿಗೂ ಈ ಮಾತು ಅನ್ವಯಿಸುತ್ತೆ, ಚರ್ಚ್ ದೂರ ಇದ್ದಷ್ಟೂ ಮನೆ ಪ್ರಾರ್ಥನೆ ಗಟ್ಟಿ.

ಆಡಳಿತ ಲೆಕ್ಕದಲ್ಲಿ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, ಅಂದ್ರೆ ಒಬ್ಬ ಬಿಷಪ್ ಕೆಳಗಿನ ಪ್ರದೇಶ, ಆಯ್ತು, 1976ರಲ್ಲಿ ಅದನ್ನ ಒಡೆದು ಕಾರವಾರ ಧರ್ಮಪ್ರಾಂತ್ಯ ಮಾಡಿದ್ರು. 1953ಕ್ಕೂ ಮುಂಚೆ ಗೋವಾದ ಕೈಲಿ ಇದ್ದಿದ್ದರಿಂದ ಕಾರವಾರ ಅಂಕೋಲಾ ಕಡೆ ಲದಿನ್, ಅಂದ್ರೆ ಮರಿಯಮ್ಮನ ಹೆಸರುಗಳನ್ನ ಕರೆದು ಮಾಡೋ ಪ್ರಾರ್ಥನೆ, ಹೇಳೋ ರಾಗದಲ್ಲಿ ಇವತ್ತಿಗೂ ಗೋವಾ ಕೇಳ್ಸುತ್ತೆ, ಹೊನ್ನಾವರ ಭಟ್ಕಳ ಕಡೆ ಹೋದ್ರೆ ಮಂಗಳೂರು ಗಾಳಿ, ಅಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದ್ರೆ ಮರಿಯಮ್ಮ ಹುಟ್ಟಿದ ಹಬ್ಬಕ್ಕೆ, ಒಂಬತ್ತು ದಿನ ಮಕ್ಕಳು ಬುಟ್ಟೀಲಿ ಹೂ ತಂದು ಮರಿಯಮ್ಮನಿಗೆ ಹಾಕ್ತಾರೆ, ಹಬ್ಬದ ದಿನ ಹೊಸ ತೆನೆ ಆಶೀರ್ವಾದ, ಮನೇಲಿ ತರಕಾರಿ ಊಟ. ಪ್ರಾರ್ಥನೆಯ ಭಾಷೆ ಬದಲಾಗಿದ್ದು 60ರ ದಶಕದಲ್ಲಿ, ಎರಡನೇ ವ್ಯಾಟಿಕನ್ ಸಭೆ ನಡೆದ ಮೇಲೆ. ಅದಕ್ಕೂ ಮುಂಚೆ 'ಓರಾ ಪ್ರೋ ನೋಬಿಸ್' ಅಂತ ಲ್ಯಾಟಿನ್ನಲ್ಲಿ ಹೇಳ್ತಿದ್ದವರಿಗೆ ಅದು 'ನಮಗಾಗಿ ಪ್ರಾರ್ಥಿಸು' ಅಂತ ಶಬ್ದಾರ್ಥ ಗೊತ್ತಿರಲಿಲ್ಲ, ಆದ್ರೂ ಒಂದು ಅಕ್ಷರ ತಪ್ತಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಯ್ತು, ಇದರ ಬಗ್ಗೆ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. 1917ರ ಚರ್ಚ್ ಕಾನೂನಿನ ಪ್ರಕಾರ ಕ್ರಿಸ್ಮಸ್, ಪೆಂತೆಕೋಸ್ತ್, ಮಾತೆ ಮರಿಯಮ್ಮನ ಸ್ವರ್ಗಸ್ವೀಕಾರ, ಸಕಲ ಸಂತರ ಹಬ್ಬ, ಈ ನಾಲ್ಕಕ್ಕೂ ಹಿಂದಿನ ದಿನ ಉಪವಾಸ ಕಡ್ಡಾಯ, ಒಂದೇ ಹೊತ್ತು ಪೂರ್ತಿ ಊಟ, ಮಾಂಸ ಇಲ್ಲ. 1966ರ ಫೆಬ್ರುವರಿಯಲ್ಲಿ 6ನೇ ಪಾವ್ಲ್ ಹೊರಡಿಸಿದ ಆದೇಶದಿಂದ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನಕ್ಕೆ ಇಳೀತು, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಉಳಿದಿದ್ದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು ಅಂದ್ರು. ಉದ್ದೇಶ ಒಳ್ಳೇದೇ, ಬಡವರಿಗೆ, ಬಿಸಿಲಲ್ಲಿ ದುಡಿಯೋರಿಗೆ ನಿಯಮದ ಹೆದರಿಕೆ ಇರಬಾರದು ಅಂತ. ಆದ್ರೆ ಮನಸ್ಸಿಗೆ ಬಿಟ್ಟಿದ್ದು ಬಹಳ ಮನೇಲಿ ಮರೆತೇ ಹೋಯ್ತು. ಹೊಟ್ಟೆ ಮಾಡ್ತಿದ್ದ ತಯಾರಿಯ ಭಾರ ಪೂರ್ತಿ ಒಂಬತ್ತು ಸಂಜೆ ಮೇಲೆ ಬಿತ್ತು.

ಈಗ ಆ ಒಂಬತ್ತೂ ಸಣ್ಣದಾಗ್ತಿದೆ. ಊರಲ್ಲಿ ಹುಡುಗರಿಲ್ಲ, ಗೋವಾ, ಬೆಂಗಳೂರು, ಗಲ್ಫ್, ಹಡಗು. ರಜೆ ಸಿಗೋದು ಮೂರು ದಿನ, ಅದಕ್ಕೆ ಕೆಲವು ಕಡೆ ಮೂರೇ ದಿನದ ಪ್ರಾರ್ಥನೆ ಇಟ್ಕೋತಾರೆ. 2020ರ ಲಾಕ್‌ಡೌನಲ್ಲಿ ಮೊಬೈಲಲ್ಲಿ ಲೈವ್ ನೋಡೋದು ಶುರುವಾಗಿದ್ದು ನಿಲ್ಲಲಿಲ್ಲ, ಮಸ್ಕತ್ತಲ್ಲಿರೋ ಮಗ ಅಲ್ಲೇ ಕೂತು ತನ್ನೂರಿನ ನೊವೆನಾ ಕೇಳ್ತಾನೆ ಅಂದ್ರೆ ನಾನು ಬೇಡ ಅನ್ನಲ್ಲ, ನಂಗೂ ಅದು ಸಮಾಧಾನವೇ. ನಂಗೆ ನೋವಾಗೋದು ಬೇರೆ ಕಡೆ. ಒಂದು ಚರ್ಚಲ್ಲಿ ಒಂದು ಸಂಜೆ ಪ್ರವಚನ ಏಳು ನಿಮಿಷ, ದಾನಿಗಳ ಹೆಸರು ಓದಿದ್ದು ಹನ್ನೊಂದು ನಿಮಿಷ. ಕೋರಿಕೆ ಚೀಟಿ ಪೆಟ್ಟಿಗೆ ತುಂಬಿ ಮೇಲೆ ಬಂದಿತ್ತು. ಕೇಳೋದು ತಪ್ಪಲ್ಲ, ಗಂಡ ಬೋಟ್ ತಗೊಂಡು ಹೋಗಿ ಎರಡು ದಿನವಾದ್ರೂ ಬರದಿದ್ದ ಹೆಂಗಸು ಕೇಳದೆ ಇನ್ನೇನು ಮಾಡ್ತಾಳೆ, ಮಾಸ್ತ್ರಿಲ್ಲಿಯೂ ಸಾಯೋ ಮಂಚದ ಮೇಲಿಂದಲೇ ಕೇಳಿದ್ದು. ಆದ್ರೆ ಅವರು ಕೇಳಿದ್ದರ ಜೊತೆ ತಾನು ಹೋಗ್ತೀನಿ ಅಂತ ಕೊಟ್ಟಿದ್ದೂ ಇತ್ತು. ಮಾಳಿಗೆ ಮನೇಲಿ ಕೂತವರು ಕಾದಿದ್ದೂ ಇತ್ತು. ಚೀಟಿ ಹಾಕಿ ಎದ್ದು ಬರೋದ್ರಲ್ಲಿ ಆ ಎರಡೂ ಇಲ್ಲ.

1897ರಲ್ಲಿ ಪೋಪ್ 13ನೇ ಲಿಯೋ ಪೆಂತೆಕೋಸ್ತಿಗೆ ಮುಂಚಿನ ಒಂಬತ್ತು ದಿನ ಲೋಕದ ಎಲ್ಲ ಚರ್ಚಲ್ಲೂ ಪ್ರಾರ್ಥನೆ ಆಗಬೇಕು ಅಂತ ಆದೇಶ ಮಾಡಿದ್ರು, ಅಂದ್ರೆ ಮೊಟ್ಟಮೊದಲ ನೊವೆನಾನೇ. ನಮ್ಮ ಕಡೆ ಅದು ಬರೋದು ಮೇ ಜೂನಲ್ಲಿ, ಮಳೆ ಶುರುವಾಗೋ ಹೊತ್ತು, ಬೋಟೆಲ್ಲ ದಡಕ್ಕೆ ಎಳೆದು ತೆಂಗಿನ ಗರಿ ಮುಚ್ಚೋ ಹೊತ್ತು. ಮೆರವಣಿಗೆ ಇಲ್ಲ, ಬ್ಯಾಂಡ್ ಇಲ್ಲ, ಸಂತೆ ಇಲ್ಲ, ಹಾಗಾಗಿ ಜನವೂ ಇಲ್ಲ.

ನಾನು ಈಗ ಯಾವ ನೊವೆನಾಕ್ಕೂ ನಾಲ್ಕನೇ ದಿನ ತಪ್ಪಿಸಲ್ಲ. ಮೊದಲ ದಿನ ಬಾವುಟ ಏರಿಸ್ತಾರೆ ಅಂತ ಜನ ಇರ್ತಾರೆ, ಕೊನೇ ದಿನ ಕುಮ್ಸಾರ್ ಸಾಲು ಬಾಗಿಲಾಚೆ ಶಿಲುಬೆ ಕಟ್ಟೆ ತನಕ ಹೋಗಿರುತ್ತೆ. ನಾಲ್ಕನೇ ದಿನ ಹೋದ ವರ್ಷ ಎಣಿಸ್ದೆ, ಹದಿನಾಲ್ಕು ಜನ, ಅದ್ರಲ್ಲಿ ಇಬ್ಬರು ಹಾಡೋ ಹುಡುಗೀರು. ಕರೆಂಟ್ ಹೋಗಿತ್ತು. ಫಾದರ್ ಮೈಕಿಲ್ಲದೆ ಅಷ್ಟೂ ಪ್ರವಚನ ಹೇಳಿದ್ರು, ಒಂದು ಮಾತೂ ಕಡಿಮೆ ಮಾಡ್ಲಿಲ್ಲ, ಮುಂದಿನ ಬೆಂಚಲ್ಲಿದ್ದ ಮುದುಕಿ ಒಬ್ಬರು ಮೇಣದಬತ್ತಿ ಪುಸ್ತಕದ ಹತ್ತಿರ ಹಿಡಿದು ಪ್ರಾರ್ಥನೆ ಓದ್ತಿದ್ರು, ಮೇಣ ಬೆರಳ ಮೇಲೆ ಬಿದ್ರೂ ಪುಟ ಮುಗಿಯೋ ತನಕ ಕೈ ತೆಗೀಲಿಲ್ಲ.