ಮಲ್ಟಿಮೋಡಲ್ ಸನ್ನೆ ಗುರುತಿಸುವಿಕೆ ಅಂದರೆ ಏನು?

ನಮ್ಮ ಸನ್ನೆಗಳನ್ನು ಕಂಪ್ಯೂಟರ್‌ಗೆ ಅರ್ಥಮಾಡಿಸಲು ಕ್ಯಾಮೆರಾ, ಮೈಕ್, ಚಲನೆ ಅಳೆಯುವ ಚಿಪ್, ರೇಡಾರ್ ಹೀಗೆ ಬೇರೆ ಬೇರೆ ಬಗೆಯ ಸೆನ್ಸರ್‌ಗಳನ್ನು ಒಟ್ಟಿಗೆ ಬಳಸುವ ವಿಧಾನಕ್ಕೆ ಈ ಹೆಸರು.

ಒಂದೇ ಸೆನ್ಸರ್ ಸಾಲದಾ? ಸಾಲದು. ಕ್ಯಾಮೆರಾಗೆ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಒಂದು ಕೈ ಇನ್ನೊಂದಕ್ಕೆ ಅಡ್ಡ ಬಂದರೂ ಅಷ್ಟೇ. ಮಣಿಕಟ್ಟಿನ ಚಿಪ್‌ಗೆ ಕೈ ಅಲ್ಲಾಡಿದ್ದು ತಿಳಿಯುತ್ತದೆ, ಯಾವ ಬೆರಳು ಮಡಚಿತು ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ಒಂದು ಕುರುಡು ಇದೆ. ಆದರೆ ಎಲ್ಲದರ ಕುರುಡೂ ಒಂದೇ ಅಲ್ಲ. ಈ ವಿಧಾನದ ಬಲ ಇರುವುದೇ ಅಲ್ಲಿ.

ಆಪಲ್ ವಾಚ್‌ಗೆ 2023ರಲ್ಲಿ ಬಂದ 'ಡಬಲ್ ಟ್ಯಾಪ್' ನೋಡಿ. ಹೆಬ್ಬೆರಳು, ತೋರುಬೆರಳನ್ನು ಒಂದಕ್ಕೊಂದು ಎರಡು ಸಲ ತಟ್ಟಿದರೆ ವಾಚಿನಲ್ಲಿ ಬಂದ ಕರೆ ಎತ್ತಬಹುದು. ಇದಕ್ಕೆ ಚಲನೆಯ ಸೆನ್ಸರ್‌ಗಳ ಜೊತೆ ಹೃದಯ ಬಡಿತ ಅಳೆಯುವ ಬೆಳಕಿನ ಸೆನ್ಸರ್ ಕೂಡ ಕೆಲಸ ಮಾಡುತ್ತದೆ. ಬೆರಳು ತಟ್ಟಿದಾಗ ಮಣಿಕಟ್ಟಿನ ರಕ್ತದ ಹರಿವು ತುಸು ಬದಲಾಗುತ್ತದೆ, ಅದನ್ನು ಆ ಬೆಳಕು ಹಿಡಿಯುತ್ತದೆ. ನಾಡಿ ನೋಡಲು ಇಟ್ಟದ್ದು ಸನ್ನೆಗೂ ಒದಗಿತು, ಜಾಣತನ ಅಲ್ವಾ?

ಯೋಚನೆ ಮಾತ್ರ ಹಳೆಯದು. 1980ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ರಿಚರ್ಡ್ ಬೋಲ್ಟ್ ದೊಡ್ಡ ಪರದೆಯ ಮೇಲಿನ ಆಕಾರವನ್ನು ಬೆರಳಿನಿಂದ ತೋರಿಸಿ, 'ಅದನ್ನು ಅಲ್ಲಿಡು' ಎಂದು ಬಾಯಲ್ಲಿ ಹೇಳಿದರೆ ಸಾಕು ಅನ್ನುವಂಥ ವ್ಯವಸ್ಥೆಯ ಬಗ್ಗೆ ಬರೆದರು. 'ಅದು' ಯಾವುದು ಎಂದು ಮಾತಿನಿಂದ ತಿಳಿಯದು. ಏನು ಮಾಡಬೇಕು ಎಂದು ಬೆರಳಿನಿಂದ ತಿಳಿಯದು. ಎರಡೂ ಸೇರಿದರೆ ಅಪ್ಪಣೆ ಪೂರ್ತಿ.

ಕಂಪ್ಯೂಟರ್‌ಗೆ ಇದನ್ನು ಕಲಿಸುವುದು ಹೇಗೆ? ಹಲವು ಜನರಿಂದ ಒಂದೇ ಸನ್ನೆ ಮಾಡಿಸಿ, ಎಲ್ಲ ಸೆನ್ಸರ್‌ಗಳಲ್ಲೂ ಒಮ್ಮೆಗೇ ದಾಖಲಿಸಿ, 'ಇದು ಇಂಥ ಸನ್ನೆ' ಎಂದು ಗುರುತು ಹಾಕುತ್ತಾರೆ. ಕಂಪ್ಯೂಟರ್‌ನಿಂದ ಸನ್ನೆ ಗುರುತಿಸುವ 2013ರ ಚಾಲರ್ನ್ ಸ್ಪರ್ಧೆಗೆ, ಕ್ಯಾಮೆರಾ, ಮೈಕ್ ಎರಡೂ ಇರುವ ಕಿನೆಕ್ಟ್ ಎಂಬ ಸಾಧನದಿಂದ 20 ಇಟಾಲಿಯನ್ ಸನ್ನೆಗಳನ್ನು ಹೀಗೆ ದಾಖಲಿಸಿದ್ದರು: ಬಣ್ಣದ ವಿಡಿಯೊ, ಯಾವುದು ಎಷ್ಟು ದೂರದಲ್ಲಿದೆ ಎಂದು ತೋರಿಸುವ ಆಳದ ಚಿತ್ರ, ಮೈಯ ಕೀಲುಗಳ ಜಾಗ, ಜೊತೆಗೆ ಆಡಿದ ಮಾತು. (ಕೈ ಆಡಿಸದೆ ಮಾತಾಡದವರು ಅನ್ನುವ ಹೆಸರು ಇಟಲಿಯವರಿಗೆ ಮೊದಲೇ ಇದೆ.)

ಆಮೇಲೆ ಕೂಡಿಸಬೇಕು. ಎಲ್ಲ ಮಾಹಿತಿಯನ್ನೂ ಮೊದಲೇ ಬೆರೆಸಿ ಒಂದೇ ಮಾದರಿಗೆ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂಗೆ) ಕೊಡಬಹುದು. ಇಲ್ಲವೇ ಪ್ರತಿ ಸೆನ್ಸರ್‌ಗೂ ಬೇರೆ ಮಾದರಿ ಇಟ್ಟು, ಕೊನೆಗೆ ಅವುಗಳ ತೀರ್ಪುಗಳನ್ನು ತೂಗಬಹುದು. ಕಲಿಸುವಾಗ ಬೇಕೆಂದೇ ಆಗಾಗ ಒಂದು ಸೆನ್ಸರ್ ಮುಚ್ಚಿಡುವುದೂ ಉಂಟು. ಆಗ ನಿಜವಾಗಿಯೂ ಒಂದು ಸೆನ್ಸರ್ ಕೈಕೊಟ್ಟರೆ ಮಾದರಿ ತಡಬಡಿಸುವುದಿಲ್ಲ.

ನನ್ನ ಪ್ರಕಾರ ಇದಕ್ಕಿಂತ ಕಷ್ಟದ್ದು, ಯಾವುದು ಸನ್ನೆ ಅಲ್ಲ ಎಂದು ಕಲಿಸುವುದು. ತಲೆ ಕೆರೆದುಕೊಳ್ಳುತ್ತೇವೆ, ಸೊಳ್ಳೆ ಓಡಿಸುತ್ತೇವೆ, ಸುಮ್ನೆ ಕೈ ಆಡಿಸುತ್ತೇವೆ. ಅದಕ್ಕೆಲ್ಲ ಯಂತ್ರ ಓಗೊಡಬಾರದಲ್ಲ!

ಸೆನ್ಸರ್ ಜಾಸ್ತಿಯಾದಂತೆ ಖರ್ಚು, ಬ್ಯಾಟರಿಯ ಚಿಂತೆಯೂ ಜಾಸ್ತಿ. ಕೆಲವೊಮ್ಮೆ ಕಾನೂನೂ ಅಡ್ಡ ಬರುತ್ತದೆ. ಗೂಗಲ್ 2019ರ ಪಿಕ್ಸೆಲ್ 4 ಫೋನಿನಲ್ಲಿ ಸನ್ನೆ ಹಿಡಿಯಲು ಪುಟ್ಟ ರೇಡಾರ್ ಇಟ್ಟಿತ್ತು. ಅದು ಬಳಸುವ 60 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ ಅನುಮತಿ ಸಿಗದೆ ಆ ಫೋನ್ ಇಲ್ಲಿಗೆ ಬರಲೇ ಇಲ್ಲ. ಮರುವರ್ಷದ ಪಿಕ್ಸೆಲ್ 5ರಲ್ಲಿ ರೇಡಾರನ್ನೇ ಕೈಬಿಟ್ಟರು.