ಲಿನಕ್ಸ್ ಒಂದು, ಡಿಸ್ಟ್ರೋಗಳು ಹಲವು: ಪರೀಕ್ಷೆ ಯಾವುದರ ಮೇಲೆ?

ಲಿನಕ್ಸ್ ಸರ್ಟಿಫಿಕೇಷನ್ ಪರೀಕ್ಷೆಯಲ್ಲಿ ಯಾವುದೋ ಒಂದು ಡಿಸ್ಟ್ರೋಗೆ (ಲಿನಕ್ಸ್ ಸುತ್ತ ಕಟ್ಟಿದ, ಬಳಸಲು ಸಿದ್ಧವಾದ ಆಪರೇಟಿಂಗ್ ಸಿಸ್ಟಮ್‌ಗೆ) ಮಾತ್ರ ಸೇರಿದ ವಿಷಯಗಳನ್ನು ಕೇಳಬೇಕೇ ಎಂಬ ಪ್ರಶ್ನೆ ಆ ಪರೀಕ್ಷೆಗಳಷ್ಟೇ ಹಳೆಯದು. 1991ರಲ್ಲಿ ಹುಟ್ಟಿದ್ದು ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು ಮಾತ್ರ. ಅದರ ಸುತ್ತ ಸ್ಲಾಕ್‌ವೇರ್, ಡೆಬಿಯನ್, ರೆಡ್ ಹ್ಯಾಟ್‌ನಂಥ ಡಿಸ್ಟ್ರೋಗಳು ಸಾಫ್ಟ್‌ವೇರ್ ಸ್ಥಾಪಿಸುವ, ತೆಗೆಯುವ ತಮ್ಮ ತಮ್ಮ ಪ್ಯಾಕೇಜ್ ವ್ಯವಸ್ಥೆಯನ್ನೂ ಕಡತಗಳ ಜಾಗವನ್ನೂ ಕಟ್ಟಿಕೊಂಡವು. ಹೀಗಾಗಿ ಹತ್ತು ವರ್ಷ ತುಂಬುವ ಮೊದಲೇ ‘ಲಿನಕ್ಸ್ ಗೊತ್ತು’ ಎಂಬ ಮಾತಿಗೆ ಒಂದೇ ಅರ್ಥ ಉಳಿದಿರಲಿಲ್ಲ.

ಆ ದಶಕದ ಕೊನೆಗೆ ಎರಡು ದಾರಿಗಳು ತೆರೆದುಕೊಂಡವು. ರೆಡ್ ಹ್ಯಾಟ್ ಕಂಪನಿ ತನ್ನ ಆರ್‌ಎಚ್‌ಸಿಇ ಪರೀಕ್ಷೆಯಲ್ಲಿ ಅಭ್ಯರ್ಥಿಯನ್ನು ತನ್ನದೇ ಡಿಸ್ಟ್ರೋ ಇರುವ ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿಸಿತು. 1999ರಲ್ಲಿ ಸ್ಥಾಪನೆಯಾದ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್ ಯಾವ ಕಂಪನಿಯ ಪಕ್ಷವನ್ನೂ ವಹಿಸದ ಪರೀಕ್ಷೆಯನ್ನು ರೂಪಿಸಲು ಹೊರಟಿತು.

ತೊಡಕು ಇದ್ದದ್ದು ಈ ಎರಡನೆಯ ದಾರಿಯಲ್ಲಿ. ಪ್ಯಾಕೇಜ್ ನಿರ್ವಹಣೆ ಬಾರದವರನ್ನು ಸಿಸ್ಟಮ್ ಅಡ್ಮಿನ್ ಎನ್ನಲಾಗದು. ಆದರೆ ಅದನ್ನು ಕೇಳಿದ ಕ್ಷಣವೇ ಪರೀಕ್ಷೆ ಒಂದು ಡಿಸ್ಟ್ರೋ ಕುಟುಂಬದ ಕಡೆಗೆ ವಾಲುತ್ತದೆ. ಈ ಇನ್‌ಸ್ಟಿಟ್ಯೂಟ್‌ನ ಎಲ್‌ಪಿಐಸಿ-1 ಪರೀಕ್ಷೆಯಲ್ಲಿ ಕಂಡುಕೊಂಡ ಪರಿಹಾರವೆಂದರೆ ಎರಡನ್ನೂ ಕೇಳುವುದು. ಅದರ ಪಠ್ಯಕ್ರಮದಲ್ಲಿ 102.4ನೇ ವಿಷಯ ಡೆಬಿಯನ್‌ನ ಪ್ಯಾಕೇಜ್ ನಿರ್ವಹಣೆಯದು, 102.5 ರೆಡ್ ಹ್ಯಾಟ್ ಕುಟುಂಬದ ಆರ್‌ಪಿಎಂ ಮತ್ತು ಯಮ್ ಸಾಧನಗಳದು, ಎರಡಕ್ಕೂ ತೂಕ 3. ಎಂದರೆ 60 ಪ್ರಶ್ನೆಗಳ ಪತ್ರಿಕೆಯಲ್ಲಿ ಎರಡೂ ಸೇರಿ ಸುಮಾರು ಆರು ಪ್ರಶ್ನೆಗಳು. ಒಂದು ಕಡತ ಯಾವ ಪ್ಯಾಕೇಜಿನಿಂದ ಬಂದಿದೆ ಎಂದು ತಿಳಿಯಲು ಆರ್‌ಪಿಎಂ ಆಜ್ಞೆಯ ಜೊತೆ ಕ್ಯೂ ಮತ್ತು ಎಫ್ ಎಂಬ ಸಣ್ಣ ಅಕ್ಷರಗಳು ಬೇಕು, ಡೆಬಿಯನ್‌ನ ಡಿಪಿಕೆಜಿ ಆಜ್ಞೆಯ ಜೊತೆ ದೊಡ್ಡ ಎಸ್. ಹುಡುಕಾಟದ ತರ್ಕ ಎರಡರಲ್ಲೂ ಒಂದೇ, ಬೇರೆಯಾಗಿರುವುದು ಅಕ್ಷರ ಮಾತ್ರ. ವರ್ಷಗಟ್ಟಲೆ ಡೆಬಿಯನ್ ಸರ್ವರ್‌ಗಳನ್ನು ನೋಡಿಕೊಂಡವರೂ ಪರೀಕ್ಷೆಯ ಹಿಂದಿನ ವಾರ ಇನ್ನೊಂದು ಕುಟುಂಬದ ಅಕ್ಷರಗಳನ್ನು ಬಾಯಿಪಾಠ ಮಾಡುತ್ತಾರೆ, ಮುಂದಿನ ತಿಂಗಳು ಮರೆಯುತ್ತಾರೆ. ತಟಸ್ಥವಾಗಿರಬೇಕೆಂಬ ಒಳ್ಳೆಯ ಉದ್ದೇಶ ಇಲ್ಲಿ ನೆನಪಿನ ಶಕ್ತಿಯ ಪರೀಕ್ಷೆಯಾಗಿ ಬಿಡುತ್ತದೆ.

2014ರಲ್ಲಿ ಲಿನಕ್ಸ್ ಫೌಂಡೇಶನ್ ತನ್ನ ಎಲ್‌ಎಫ್‌ಸಿಎಸ್ ಪರೀಕ್ಷೆಯನ್ನು ಆರಂಭಿಸಿದಾಗ ಸೆಂಟ್‌ಓಎಸ್, ಓಪನ್‌ಸುಸೆ, ಉಬುಂಟು ಎಂಬ ಮೂರು ಡಿಸ್ಟ್ರೋಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿತ್ತು. ತಾನು ದಿನವೂ ಬಳಸುವ ವ್ಯವಸ್ಥೆಯಲ್ಲೇ ಕೆಲಸ ಮಾಡಿ ತೋರಿಸುವ ಈ ಕ್ರಮ ಅಭ್ಯರ್ಥಿಗೆ ಹೆಚ್ಚು ನ್ಯಾಯ ಒದಗಿಸುವಂಥದ್ದು. ಆದರೆ ಒಂದೇ ಪ್ರಶ್ನೆಯನ್ನು ಮೂರು ವ್ಯವಸ್ಥೆಗಳಲ್ಲಿ ಸಿದ್ಧಪಡಿಸಿ, ಪ್ರತಿ ಹೊಸ ಆವೃತ್ತಿ ಬಂದಾಗಲೂ ತಿದ್ದುತ್ತಿರುವುದು ಸಣ್ಣ ಹೊರೆಯಲ್ಲ. ಮುಂದೆ ಆ ಆಯ್ಕೆ ಉಳಿಯಲಿಲ್ಲ.

ಈ ನಡುವೆ ವ್ಯತ್ಯಾಸಗಳೇ ಜಾಗ ಬದಲಿಸಿದವು. 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, ಮರುವರ್ಷ ಡೆಬಿಯನ್ 8 ಸಿಸ್ಟಮ್‌ಡಿ ಎಂಬ ಸೇವಾ ನಿರ್ವಾಹಕಕ್ಕೆ ಬಂದ ಮೇಲೆ ಹಿನ್ನೆಲೆಯಲ್ಲಿ ಓಡುವ ಸೇವೆಗಳನ್ನು ನಡೆಸುವ ಬಗೆ ಬಹುಮಟ್ಟಿಗೆ ಒಂದಾಯಿತು. ನೆಟ್‌ವರ್ಕ್ ಸಂರಚನೆ ಮಾತ್ರ ಉಬುಂಟು ಸರ್ವರ್‌ನಲ್ಲಿ ನೆಟ್‌ಪ್ಲಾನ್‌ಗೆ, ರೆಡ್ ಹ್ಯಾಟ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್‌ಗೆ ಹೋಯಿತು; ಯಾವ ಪ್ರೋಗ್ರಾಂ ಯಾವ ಕಡತವನ್ನು ಮುಟ್ಟಬಹುದೆಂದು ನಿಯಂತ್ರಿಸುವ ಭದ್ರತೆಯಲ್ಲಿ ಉಬುಂಟು ಕಡೆ ಆಪ್‌ಆರ್ಮರ್, ರೆಡ್ ಹ್ಯಾಟ್ ಕಡೆ ಎಸ್‌ಇಲಿನಕ್ಸ್ ನೆಲೆಯೂರಿವೆ. ಇವು ಅಕ್ಷರದ ವ್ಯತ್ಯಾಸಗಳಲ್ಲ, ಯೋಚಿಸುವ ಕ್ರಮವೇ ಬೇರೆ. ಎಸ್‌ಇಲಿನಕ್ಸ್ ಕಡತಕ್ಕೆ ಅಂಟಿಸಿದ ಲೇಬಲ್ ನೋಡಿ ತೀರ್ಮಾನಿಸುತ್ತದೆ, ಆಪ್‌ಆರ್ಮರ್ ಕಡತದ ಪಥವನ್ನು ನೋಡುತ್ತದೆ. ಒಂದರಲ್ಲಿ ಪಳಗಿದವರು ಇನ್ನೊಂದನ್ನು ಮೊದಲಿನಿಂದಲೇ ಕಲಿಯಬೇಕಾಗುತ್ತದೆ.