ಇ.ಎಫ್. 60, ಆದರೂ ಸುಸ್ತು

ಹೃದಯದ ಎಕೋ (ಅಲ್ಟ್ರಾಸೌಂಡ್) ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ಇ.ಎಫ್. ಅನ್ನುವ ಸಾಲಿಗೆ. ಹೃದಯದಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಅನ್ನುವ ಲೆಕ್ಕ ಅದು. 60 ಪರ್ಸೆಂಟ್ ಇದ್ದರೆ ‘ಪಂಪಿಂಗ್ ಚೆನ್ನಾಗಿದೆ’ ಅಂತ ಮನೆಯವರಿಗೆ ನಿರಾಳ. ಆದರೆ ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವ್ ಕಿರಿದಾದವರಲ್ಲಿ ಈ ಒಂದು ಅಂಕಿಯನ್ನು ಸುಮ್ನೆ ನಂಬಿ ಕೂರುವ ಹಾಗಿಲ್ಲ.

ಈ ವಾಲ್ವ್ ಮಾಮೂಲಿಯಾಗಿ 3ರಿಂದ 4 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಸುಣ್ಣದಂಶ ಕೂತು ಬಿಗಿಯಾಗಿ, 1 ಚದರ ಸೆಂಟಿಮೀಟರಿಗೆ ಇಳಿದರೆ ಅದು ತೀವ್ರ ಕಾಯಿಲೆ. ಆಗ ಆ ಕಿಂಡಿಯಲ್ಲಿ ರಕ್ತ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ವಾಲ್ವಿನ ಆಚೀಚೆಯ ಒತ್ತಡದ ವ್ಯತ್ಯಾಸ ಬಿ.ಪಿ.ಯ ಅಳತೆಯಲ್ಲೇ ಸಿಗುತ್ತದೆ: 64. ಅಂದರೆ ತೋಳಿನಲ್ಲಿ ಬಿ.ಪಿ. 120 ಇದ್ದರೂ ಒಳಗೆ ಹೃದಯ 180ರ ಆಸುಪಾಸಿನಲ್ಲಿ ದೂಡುತ್ತಿರಬಹುದು.

ದಿನವೂ ಭಾರ ಎತ್ತುವ ತೋಳಿನಂತೆ ಹೃದಯದ ಗೋಡೆ ದಪ್ಪಗಾಗುತ್ತದೆ. ಜೊತೆಗೆ ಎಷ್ಟೋ ಜನರಲ್ಲಿ ಒಳಗಿನ ಜಾಗವೂ ಕಿರಿದಾಗುತ್ತದೆ. ಲೆಕ್ಕದ ಮೋಸ ಇರುವುದು ಇಲ್ಲೇ. 100 ಮಿಲಿಲೀಟರ್ ತುಂಬಿ 60 ಹೊರಹೋದರೆ ಇ.ಎಫ್. 60. ಬರೀ 70 ತುಂಬಿ 42 ಹೋದರೂ ಇ.ಎಫ್. ಅದೇ 60! ದೇಹಕ್ಕೆ ಸಿಕ್ಕಿದ ರಕ್ತ ಮಾತ್ರ ಕಮ್ಮಿ.

ಹೃದಯ ಬರೀ ಮುಷ್ಟಿಯ ಹಾಗೆ ಹಿಂಡುವುದಿಲ್ಲ, ಉದ್ದದಲ್ಲೂ ಕುಗ್ಗುತ್ತದೆ. ಒಳಪದರದ ಉದ್ದನೆ ಎಳೆಗಳು ಪ್ರತಿ ಬಡಿತಕ್ಕೂ ಅದರ ಬುಡವನ್ನು ತುದಿಯ ಕಡೆಗೆ ಒಂದು ಸೆಂಟಿಮೀಟರಿಗೂ ಜಾಸ್ತಿ ಎಳೆಯುತ್ತವೆ. ಒತ್ತಡದ ಏಟು ಹೆಚ್ಚು ತಿನ್ನುವುದೂ ಇವೇ, ಮೊದಲು ಸೋಲುವುದೂ ಇವೇ. ನಡುವಿನ ಸುತ್ತೆಳೆಗಳು ಕೊರತೆ ತುಂಬಿಕೊಡುವುದರಿಂದ ಇ.ಎಫ್. ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ.

ಈ ಸೋಲನ್ನು ಹಿಡಿಯುವ ಅಳತೆಯ ಹೆಸರು ಸ್ಟ್ರೇನ್. ಎಕೋ ಪರದೆಯಲ್ಲಿ ಹೃದಯದ ಗೋಡೆ ರವೆ ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಅಲ್ವಾ? ಕಂಪ್ಯೂಟರ್ ಆ ಚುಕ್ಕೆಗಳ ಬೆನ್ನು ಹತ್ತಿ, ಗೋಡೆ ಎಷ್ಟು ಕುಗ್ಗಿತು ಅಂತ ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ ಸುಮಾರು ಮೈನಸ್ 20 ಪರ್ಸೆಂಟ್. ಮೈನಸ್ ಅಂದರೆ ಕುಗ್ಗಿದೆ ಅಂತ ಅಷ್ಟೇ, ಗಾಬರಿ ಬೇಡ. ಅದು ಮೈನಸ್ 15ರ ಹತ್ತಿರ ಬಂದರೆ ಡಾಕ್ಟರು ಹುಬ್ಬೇರಿಸುತ್ತಾರೆ. ಬೇರೆ ಕಂಪನಿಯ ಮೆಷಿನ್ ಕೊಂಚ ಬೇರೆ ಅಂಕಿ ತೋರಿಸಬಹುದು, ಹಾಗಾಗಿ ಹೋಲಿಕೆಗೆ ಒಂದೇ ಮೆಷಿನ್ ಇದ್ದರೆ ಒಳ್ಳೆಯದು.

ಈ ಸೋಲನ್ನು ಬೇಗ ಹಿಡಿಯಲು ಇಷ್ಟು ಅವಸರ ಯಾಕೆ? ದಣಿದ ಸ್ನಾಯುವಿನಲ್ಲಿ ನಿಧಾನಕ್ಕೆ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಎಂ.ಆರ್.ಐ.ನಲ್ಲಿ ಅದು ಬೆಳ್ಳಗೆ ಕಾಣುತ್ತದೆ. ವಾಲ್ವ್ ಬದಲಿಸಿದ ಮೇಲೆ ಗೋಡೆಯ ದಪ್ಪ ಇಳಿಯುತ್ತದೆ, ಈ ಕಲೆ ಹೋಗುವುದಿಲ್ಲ.

ಇನ್ನೊಂದು ತೊಡಕು ರೋಗಿಯ ಮಾತಿನದು. ‘ಏದುಸಿರು ಬರುತ್ತಾ?’ ಅಂದರೆ ‘ಇಲ್ಲಪ್ಪ’ ಅನ್ನುತ್ತಾರೆ. ಮೆಟ್ಟಿಲು ಹತ್ತುವುದನ್ನೇ ಬಿಟ್ಟು ವರ್ಷವಾಗಿರುತ್ತದೆ. ಇಂಥವರನ್ನು ಡಾಕ್ಟರು ತಮ್ಮ ಕಣ್ಣೆದುರೇ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವುದುಂಟು. ಆಗಲೇ ಎದೆನೋವು, ತಲೆಸುತ್ತು ಇರುವವರಿಗೆ ಮಾತ್ರ ಆ ಟೆಸ್ಟ್ ಮಾಡುವ ಹಾಗಿಲ್ಲ.